ಉಜ್ಜಬೇಡ ಎಂದು ಕೈಗೆ ಕಲಿಸಿದ ಚಳಿಗಾಲ

ಮೊನ್ನೆ ಗಾಂಧಿಬಜಾರಿನ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದವರು ಒಂದು ಬಾಟಲಿ ಸ್ಪಿರಿಟ್ಟು, ಒಂದು ಡಬ್ಬಿ ಪೌಡರ್ ಕೇಳಿದರು. ಅಂಗಡಿಯವನು ಬಾಟಲಿಯ ಮುಚ್ಚಳ ಸಡಿಲವಾಗಿದೆಯೇನೋ ಎಂದು ಒಮ್ಮೆ ತಿರುಗಿಸಿ ನೋಡಿದ. ಘಾಟು ನೇರವಾಗಿ ಮೂಗಿಗೆ ಬಂತು, ಅದರ ಹಿಂದೆಯೇ ಪೌಡರಿನ ಸಿಹಿ ವಾಸನೆ. ನರ್ಸಿಂಗ್ ಕಲಿತ ಯಾರಿಗೇ ಆಗಲಿ ಈ ಎರಡೂ ಸೇರಿದ ವಾಸನೆ ಬಂದರೆ ಬಲ ಅಂಗೈ ತಾನಾಗಿಯೇ ಅರಳಿಕೊಳ್ಳುತ್ತದೆ. ಎದುರಿಗೆ ಮಲಗಿದ ರೋಗಿಯ ಬೆನ್ನಿದೆಯೇನೋ ಎಂಬಂತೆ ನನ್ನದೂ ಅರಳಿತು.

"ಯಾರಿಗೆ ಸಾರ್ ಇದು?" ಎಂದು ಕೇಳಿಯೇಬಿಟ್ಟೆ. ಕೇಳದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ.

"ನಮ್ಮಮ್ಮಂಗೆ. ಹಾಸಿಗೆ ಹಿಡಿದು ತಿಂಗಳಾಯ್ತು. ಬೆನ್ನು ಕೆಂಪಾಗಿದೆ, ಉಜ್ಜಬೇಕು."

"ಕೆಂಪಾಗಿರೋ ಕಡೆ ಉಜ್ಜಬೇಡಿ ಸಾರ್. ಒಳಗೆ ಇನ್ನೂ ಹಾಳಾಗುತ್ತೆ. ಸ್ಪಿರಿಟ್ ಹಾಕಿದ್ರೆ ಚರ್ಮ ಒಣಗಿ ಬಿರಿಯುತ್ತೆ. ಆಗಾಗ ಮಗ್ಗುಲು ಬದಲಾಯಿಸ್ತಾ ಇರಿ, ಆ ಜಾಗದ ಮೇಲೆ ಭಾರ ಬೀಳದೇ ಇರೋ ಹಾಗೆ ನೋಡ್ಕೊಳ್ಳಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಡಾಕ್ಟ್ರಾ?"

"ಅಲ್ಲ, ನರ್ಸು."

"ನೋಡಿ ಮತ್ತೆ! ಉಜ್ಜಿ ಅಂತ ಹೇಳಿದ್ದೂ ನರ್ಸಮ್ಮನೇ!"

ಅಂಗಡಿಯವನು ನಕ್ಕ. ನನಗೂ ನಗು ಬಂತು, ಹಿಂದೆಯೇ ಕೋಪವೂ ಬಂತು. ಆದರೆ ಆ ನರ್ಸಮ್ಮನ ಮೇಲೆ ಕೋಪವನ್ನು ತುಂಬ ಹೊತ್ತು ಇಟ್ಟುಕೊಳ್ಳಲು ಆಗಲಿಲ್ಲ. ಅವಳ ಕೈಯನ್ನು ನಾನು ಬಲ್ಲೆ. ವರ್ಷಗಟ್ಟಲೆ ನನಗೂ ಅದೇ ಕೈ ಇತ್ತು. ಕೊನೆಗೆ ಆ ಮನುಷ್ಯ ಸ್ಪಿರಿಟ್ಟು ವಾಪಸು ಕೊಟ್ಟು ಪೌಡರ್ ಮಾತ್ರ ಕೊಂಡು ಹೋದರು. ಅದು ನನ್ನ ಮಾತು ನಂಬಿಯೋ, ನನ್ನ ದನಿಗೆ ಹೆದರಿಯೋ ಹೇಳಲಾರೆ. ನನಗೆ ಅವತ್ತು ಎನ್.ಆರ್. ಕಾಲೋನಿಯಲ್ಲಿ ಒಂದು ಸುದ್ದಿ ಮುಟ್ಟಿಸುವುದಿತ್ತು. ನಡೆದೇ ಹೊರಟೆ. ದಾರಿಯುದ್ದಕ್ಕೂ ಹಿಂದಿನ ಒಂದು ಚಳಿಗಾಲ ನೆನಪಾಗುತ್ತ ಹೋಯಿತು.

ಆ ವರ್ಷ ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ಬಹಳ ವರ್ಷ ವಾರ್ಡುಗಳಲ್ಲಿ ದುಡಿದ ಮೇಲೆ ನರ್ಸ್ ಪ್ರಾಕ್ಟಿಷನರ್ ಎಂಬ ಎರಡು ವರ್ಷದ ಕೋರ್ಸಿಗೆ ಸೇರಿದ್ದೆ. ಇದೇನೆಂದು ಮನೆಯಲ್ಲಿ ವಿವರಿಸಲು ಹೋಗಿ ಸೋತಿದ್ದೆ. ಹೇಳಿದ್ದನ್ನು ಮಾಡುವುದಷ್ಟೇ ಅಲ್ಲ, ರೋಗಿಯನ್ನು ತಾನೇ ಪರೀಕ್ಷಿಸಿ, ಏನು ಮಾಡಬೇಕು, ಯಾಕೆ ಮಾಡಬೇಕು ಎಂದು ಯೋಚಿಸಬಲ್ಲ ನರ್ಸನ್ನು ತಯಾರು ಮಾಡುವ ಓದು ಎಂದೆ. ನಮ್ಮಪ್ಪ ಅದನ್ನು "ಅರ್ಧ ಡಾಕ್ಟ್ರು" ಎಂದು ಅರ್ಥ ಮಾಡಿಕೊಂಡು, ಕಲಾಸಿಪಾಳ್ಯದಲ್ಲಿ ತಾವು ತರಕಾರಿ ವ್ಯಾಪಾರ ಮಾಡುವ ಬೀದಿಯಲ್ಲೆಲ್ಲ ಸಾರಿಬಿಟ್ಟರು. ಆಮೇಲೆ ಅಲ್ಲಿ ನನ್ನನ್ನು ಕಂಡವರೆಲ್ಲ ಮಂಡಿನೋವು ತೋರಿಸತೊಡಗಿದರು.

ಓದಲು ಮಾವಳ್ಳಿಯ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಅಣ್ಣಂದಿರ ಸಂಸಾರ, ಮಕ್ಕಳು, ಟಿವಿ, ಬೆಳಗಿನ ಜಾವಕ್ಕೇ ಏಳುವ ಅಪ್ಪನ ಗದ್ದಲ. ಸಾಲದ್ದಕ್ಕೆ ನನಗಿನ್ನೂ ಮದುವೆಯಾಗಿರಲಿಲ್ಲ. ಪುಸ್ತಕ ತೆರೆದ ಕೂಡಲೇ ಆ ವಿಷಯ ಯಾರ ಬಾಯಲ್ಲಾದರೂ ಎದ್ದು ಕೂರುತ್ತಿತ್ತು. ಹೀಗಾಗಿ ಸಂಜೆ ಡ್ಯೂಟಿ ಮುಗಿದ ಮೇಲೆ ನಾನು ಎನ್.ಆರ್. ಕಾಲೋನಿಯ ಸಾವಿತ್ರಿ ಮಿಸ್ ಮನೆಗೆ ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು ಅವರು. ರಿಟೈರಾಗಿ ಎಷ್ಟೋ ವರ್ಷವಾಗಿತ್ತು, ನನ್ನ ತಲೆಯಲ್ಲೂ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಬಂದಿತ್ತು, ಆದರೂ ಅವರು ನನಗೆ ಮಿಸ್ಸೇ. ಮದುವೆಯಾಗದೆ ಉಳಿದ ಮಿಸ್ ಮತ್ತು ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೆ ಬಂದು ನೆಲೆಸಿದ ತಂಗಿ ಕಮಲಾ ಆಂಟಿ, ಇಬ್ಬರೇ ಇದ್ದ ಮನೆ. ಕೆಂಪು ನೆಲದ ಮುಂದಿನ ಕೋಣೆಯಲ್ಲಿ ಒಂದು ಮೇಜು ನನಗೆಂದೇ ಖಾಲಿ ಮಾಡಿಕೊಟ್ಟಿದ್ದರು.

ಮೇಜಿಗೆ ಬಾಡಿಗೆ ಇರಲಿಲ್ಲ, ಷರತ್ತು ಇತ್ತು. ಓದು ಮುಗಿದ ಮೇಲೆ ಮಿಸ್ ತಮ್ಮ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಒಪ್ಪಿಸು" ಎನ್ನುತ್ತಿದ್ದರು. ಆ ಮನೆಯಲ್ಲಿ ಅವರ ತಂದೆಯ ಕಾಲದಿಂದಲೂ ದೀಪ ಹಚ್ಚಿದ ಮೇಲೆ ಮಕ್ಕಳು ಅವತ್ತಿನ ಪಾಠ ಒಪ್ಪಿಸುವ ಪದ್ಧತಿಯಂತೆ. ಒಪ್ಪಿಸಲು ಮಕ್ಕಳಿಲ್ಲದೆ ನಿಂತುಹೋಗಿದ್ದ ಅದು ನನ್ನಿಂದಾಗಿ ಮತ್ತೆ ಶುರುವಾಗಿತ್ತು.

"ಇಂಗ್ಲಿಷ್ ಪದ ಬೇಕಾದ್ರೆ ಇಟ್ಕೋ. ಆದ್ರೆ ಒಳಗೆ ಕೂತಿರೋ ಕಮಲಂಗೆ ಅರ್ಥ ಆಗ್ಬೇಕು. ಅವಳಿಗೆ ಅರ್ಥ ಆಗ್ಲಿಲ್ಲ ಅಂದ್ರೆ ನಿಂಗೂ ಆಗಿಲ್ಲ ಅಂತ."

ಅಡುಗೆಮನೆಯಿಂದ ಕಮಲಾ ಆಂಟಿ "ನಂಗ್ಯಾಕಪ್ಪಾ ಅದೆಲ್ಲ" ಎನ್ನುತ್ತಲೇ ಕಾಫಿ ತಂದಿಡುತ್ತಿದ್ದರು. ಅವರು ಯಾವತ್ತೂ ಪ್ರಶ್ನೆ ಕೇಳಿದವರಲ್ಲ.

ನನಗೆ ಈ ಒಪ್ಪಿಸುವಿಕೆ ಎಷ್ಟು ಬೇಕಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಕೋರ್ಸಿನ ಜೀವಾಳವೇ ಎವಿಡೆನ್ಸ್, ಅಂದರೆ ಪುರಾವೆ. ವಾರ್ಡಿನಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ, ಇದರಿಂದ ರೋಗಿಗೆ ಒಳ್ಳೆಯದಾಗುತ್ತದೆಂದು ಯಾರು ನೋಡಿದ್ದಾರೆ, ಹೇಗೆ ನೋಡಿದ್ದಾರೆ ಎಂದು ಕೇಳಬೇಕು. "ಹಿಂದಿನಿಂದ ಮಾಡ್ಕೊಂಡು ಬಂದಿದೀವಿ ಅನ್ನೋದು ಕಾರಣ ಅಲ್ಲ" ಎಂದು ಪಾಠ ಮಾಡುವ ಮೇಡಂ ಮೊದಲ ದಿನವೇ ಹೇಳಿದ್ದರು. ಮಳೆಗಾಲದಲ್ಲಿ, ಮೊದಲ ಸೆಮಿಸ್ಟರಿನಲ್ಲಿ, ನನಗೆ ಬಂದ ವಿಷಯ ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಮೂಳೆ ಒತ್ತುವ ಕಡೆ ಚರ್ಮ ಕೆಂಪಾಗಿ, ಆಮೇಲೆ ಒಡೆದು ಹುಣ್ಣಾಗುತ್ತದಲ್ಲ, ಅದು. ಕೆಂಪಾದ ಜಾಗವನ್ನು ಉಜ್ಜುವುದು, ಸ್ಪಿರಿಟ್ಟು ಹಚ್ಚುವುದು, ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂರಿಸುವುದು, ಎಲ್ಲವನ್ನೂ ಈಗ ಬೇಡವೆನ್ನುತ್ತಾರೆ ಎಂದು ಸ್ಲೈಡು ಹಾಕಿ ವಿವರಿಸಿದೆ. ಚಪ್ಪಾಳೆ ಬಿತ್ತು. ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತು. ತುಂಬ ಚೆನ್ನಾಗಿ ಬರೆದೆ.

ಚಳಿ ಹುಟ್ಟುವ ಹೊತ್ತಿಗೆ ಮೇಡಂ ಯಾವ ಮುನ್ಸೂಚನೆಯೂ ಇಲ್ಲದೆ ವಾರ್ಡಿಗೆ ಬಂದರು. ನಾವು ನಾಲ್ಕೈದು ಜನ ಬೆಳಗಿನ ಬೆನ್ನಿನ ಆರೈಕೆಯಲ್ಲಿದ್ದೆವು. ಮೇಡಂ ನನ್ನ ಹಿಂದೆ ನಿಂತು, "ಮಂಜುಳಾ, ಕೆಂಪಾದ ಜಾಗಕ್ಕೆ ಮಸಾಜ್ ಮಾಡ್ಬಹುದಾ?" ಎಂದರು. ನಾನು ತಿರುಗಿಯೂ ನೋಡದೆ, "ಮಾಡಬಾರದು ಮೇಡಂ, ಒಳಗಿನ ಅಂಗಾಂಶಕ್ಕೆ ಪೆಟ್ಟಾಗುತ್ತೆ" ಎಂದು ಶುರುಮಾಡಿ ಪೂರ್ತಿ ಉತ್ತರ ಹೇಳಿದೆ. ಹೇಳುತ್ತಿದ್ದಷ್ಟು ಹೊತ್ತೂ ನನ್ನ ಬಲಗೈ, ಸ್ಪಿರಿಟ್ಟು ಪೌಡರು ಬೆರೆಸಿಕೊಂಡು, ಆ ಅಜ್ಜನ ಬೆನ್ನನ್ನು ಗುಂಡಗೆ ಗುಂಡಗೆ ಉಜ್ಜುತ್ತಿತ್ತು. ಪಕ್ಕದ ಮಂಚಗಳ ಹತ್ತಿರ ಉಳಿದವರ ಕೈಗಳೂ ಉಜ್ಜುತ್ತಿದ್ದವು. ಎಲ್ಲರೂ ನನ್ನ ಉತ್ತರಕ್ಕೆ ತಲೆಯಾಡಿಸುತ್ತಿದ್ದರು ಬೇರೆ.

ಮೇಡಂ ಬಯ್ಯಲಿಲ್ಲ. "ಬಾಯಿ ಪಾಸು, ಕೈ ಫೇಲು. ಸಂಕ್ರಾಂತಿ ಆದ್ಮೇಲೆ ಪ್ರಾಕ್ಟಿಕಲ್ ಇದೆ. ಆಗ ನಾನು ಪ್ರಶ್ನೆ ಕೇಳಲ್ಲ, ಕೈ ಮಾತ್ರ ನೋಡ್ತೀನಿ" ಎಂದು ಹೋದರು. ನನಗೆ ಅವಮಾನಕ್ಕಿಂತ ಹೆದರಿಕೆಯಾಯಿತು. ಓದಿದ್ದು ಮರೆತುಹೋಗಿದ್ದರೆ ಮತ್ತೆ ಓದಬಹುದಿತ್ತು. ನಾನು ಮರೆತೇ ಇರಲಿಲ್ಲ. ಎಲ್ಲ ನೆನಪಿದ್ದೂ ಅದು ಕೈಗೆ ಇಳಿದಿರಲಿಲ್ಲ. ಹೀಗೇ ಆದರೆ ಎರಡು ವರ್ಷ ಕಳೆದ ಮೇಲೆ ಸರ್ಟಿಫಿಕೇಟು ಹೊಸದು, ನರ್ಸು ಹಳಬಳು. ಅವತ್ತು ಸಂಜೆ ಮಿಸ್ ಮುಂದೆ ಇದನ್ನೂ ಒಪ್ಪಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಬೇಕಾಗಿದ್ದ ಸಮಾಧಾನ ಅದಲ್ಲ.

ಧನುರ್ಮಾಸ ಶುರುವಾದ ವಾರವೇ ಮಿಸ್ ಬಿದ್ದರು. ಬೆಳಗಿನ ಇಬ್ಬನಿಗೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಪಾಚಿ ಜಾರುತ್ತದೆಂದು ತಂಗಿಗೆ ದಿನಾ ಎಚ್ಚರಿಕೆ ಹೇಳುತ್ತಿದ್ದವರೇ, ದಾಸವಾಳ ಕೀಳಲು ಹೋಗಿ ಅಲ್ಲೇ ಜಾರಿದರು. ಸೊಂಟದ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು. ಆಪರೇಷನ್ ಬೇಡ, ಕೆಲವು ವಾರ ವಿಶ್ರಾಂತಿ ಸಾಕು, ನೋವು ಇಳಿದಂತೆಲ್ಲ ಎಬ್ಬಿಸಿ ನಿಲ್ಲಿಸಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಮಿಸ್ ಮಾತ್ರ ವಿಶ್ರಾಂತಿಯನ್ನು ಹಠದಂತೆ ಹಿಡಿದರು. ಅಂಗಾತ ಮಲಗಿದವರು ಅಲುಗಾಡಲಿಲ್ಲ. ಮಗ್ಗುಲಾಗಿ ಎಂದರೆ, "ನೋವು ನಿಂಗಲ್ಲ, ನಂಗೆ" ಎನ್ನುತ್ತಿದ್ದರು. ಅಷ್ಟು ವಯಸ್ಸಿನ, ಅಷ್ಟು ಸಣಕಲು ಮೈಗೆ ಇದು ಎಲ್ಲಿಗೆ ಮುಟ್ಟುತ್ತದೆಂದು ನನಗೆ ಗೊತ್ತಿತ್ತು.

ನಾಲ್ಕಾರು ದಿನದಲ್ಲಿ ಅದೇ ಆಯಿತು. ಡ್ಯೂಟಿ ಮುಗಿಸಿ ಹೋದವಳಿಗೆ ಬಾಗಿಲಲ್ಲೇ ಆ ವಾಸನೆ ಬಡಿಯಿತು. ಕಮಲಾ ಆಂಟಿ ಅಕ್ಕನನ್ನು ಹೇಗೋ ಒಂದಿಷ್ಟು ಹೊರಳಿಸಿ, ಸೆರಗು ಸಿಕ್ಕಿಸಿಕೊಂಡು ಬೆನ್ನು ಉಜ್ಜುತ್ತಿದ್ದರು. ಮಂಚದ ಮೇಲೆ ಗಾಳಿ ತುಂಬಿದ ರಬ್ಬರ್ ಟ್ಯೂಬು ಸಿದ್ಧವಾಗಿತ್ತು. ಇದೇ ಕೋಣೆಯಲ್ಲಿ ಅವರು ತಮ್ಮ ತಾಯಿಯನ್ನು ಮೂರು ವರ್ಷ ಮಲಗಿದಲ್ಲೇ ನೋಡಿಕೊಂಡಿದ್ದರು. ಟ್ಯೂಬು ಆ ಕಾಲದ್ದು, ಬೀರುವಿನಲ್ಲಿ ಬಟ್ಟೆ ಸುತ್ತಿ ಜೋಪಾನ ಮಾಡಿದ್ದರು.

"ಪಾಪ ಆಂಟಿ, ಬೆಳಗ್ಗಿಂದ ಸುಸ್ತಾಗಿರ್ತೀರ, ಕೊಡಿ ನಾನು ಮಾಡ್ತೀನಿ" ಎಂದೆ. ಪೌಡರ್ ಡಬ್ಬಿ ನನ್ನ ಕೈಗೆ ಬಂದಾಗಿತ್ತು. ಆಗ ಬೆನ್ನಿನ ಬುಡದಲ್ಲಿದ್ದ ಕೆಂಪು ಮಚ್ಚೆ ಕಂಡಿತು. ಬೆರಳಿಂದ ಒತ್ತಿ ಬಿಟ್ಟೆ. ಒತ್ತಿದಾಗ ಚರ್ಮ ಬಿಳಿಚಬೇಕು, ಬಿಟ್ಟಾಗ ಮತ್ತೆ ಕೆಂಪಾಗಬೇಕು. ಇದು ಬಿಳಿಚಲೇ ಇಲ್ಲ. ಒತ್ತಿದರೂ ಕೆಂಪಾಗಿಯೇ ಉಳಿಯಿತು. ಅಂದರೆ ಪೆಟ್ಟು ಒಳಗೆ ಶುರುವಾಗಿದೆ, ಹೀಗೇ ಬಿಟ್ಟರೆ ಒಡೆದು ಹುಣ್ಣಾಗುತ್ತದೆ.

ಗಾಬರಿಯಲ್ಲಿ ನನ್ನ ಮಾತು ಒರಟಾಯಿತು. "ಉಜ್ಜಲೇಬಾರದು ಆಂಟಿ ಇದನ್ನ! ಸ್ಪಿರಿಟ್ಟೂ ಬೇಡ, ಆ ಟ್ಯೂಬೂ ಬೇಡ. ಅದ್ರ ಅಂಚು ಒತ್ತಿ ನಡುವೆ ರಕ್ತ ಓಡಲ್ಲ. ಇದ್ರಿಂದ್ಲೇ ಜಾಸ್ತಿ ಆಗೋದು."

"ಏನೇ ಹಾಗಂದ್ರೆ? ನಮ್ಮಮ್ಮನ್ನ ಮೂರು ವರ್ಷ ಹೀಗೇ ನೋಡ್ಕೊಂಡೆ. ಆಸ್ಪತ್ರೆ ನರ್ಸೇ ಕೈ ಹಿಡಿದು ಹೇಳ್ಕೊಟ್ಟಿದ್ದು."

"ಆಗ ಹಾಗೆ ಹೇಳ್ತಿದ್ರು. ಈಗ ಅದು ತಪ್ಪು ಅಂತ ಗೊತ್ತಾಗಿದೆ."

ಅವರು ಉಜ್ಜುವುದನ್ನು ನಿಲ್ಲಿಸಿದರು. ಕೈಗೆ ಅಂಟಿದ್ದ ಪೌಡರನ್ನು ನೋಡಿಕೊಂಡರು.

"ಕೊನೇಲಿ ಅಮ್ಮಂಗೆ ಬೆನ್ನು ಹುಣ್ಣಾಯ್ತು, ಮಂಜುಳಾ. ಹಾಗಾದ್ರೆ ಅದು ನನ್ನ ಕೈಯಿಂದ್ಲೇ ಆಗಿದ್ದಾ?"

"ಹಾಗಲ್ಲ ಆಂಟಿ" ಎಂದು ತೊದಲಿದೆ. ಅವರು ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು. ಆ ಮನೆಯಲ್ಲಿ ನನಗೆ ಕಾಫಿ ಸಿಗದ ಮೊದಲ ಸಂಜೆ ಅದು.

ಮುಂದಿನ ದಿನಗಳು ಕಷ್ಟದವು. ಕಮಲಾ ಆಂಟಿ ಅಕ್ಕನಿಗೆ ಊಟ ಮಾಡಿಸುತ್ತಿದ್ದರು, ಮುಖ ಒರೆಸುತ್ತಿದ್ದರು, ಬೆನ್ನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹೊರಳಿಸಿ ಎಂದರೆ, "ನೀನು ಕಲಿತೋಳು, ನೀನೇ ಮಾಡಮ್ಮ. ನನ್ನ ಕೈ ಒಳ್ಳೇದಲ್ಲ" ಎನ್ನುತ್ತಿದ್ದರು. ನಾನು ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಬಂದು ಮಗ್ಗುಲು ಬದಲಿಸುತ್ತಿದ್ದೆ. ನಡುವಿನ ಇಡೀ ಹಗಲು ಮಿಸ್ ಅಂಗಾತವೇ. ಮಚ್ಚೆ ಹಾಗೇ ಇತ್ತು, ಅಂಚು ಒಂದಿಷ್ಟು ಕಪ್ಪಾದಂತೆಯೂ ಕಂಡಿತು. ಬೆನ್ನು ಉಳಿಯಬೇಕಾದರೆ ಹಗಲಲ್ಲಿ ಆ ಮನೆಯಲ್ಲಿದ್ದ ಎರಡು ಕೈಗಳೇ ಕೆಲಸ ಮಾಡಬೇಕಿತ್ತು. ಆ ಎರಡು ಕೈಗಳನ್ನು ನಾನೇ ಕಟ್ಟಿಹಾಕಿ ಕೂರಿಸಿದ್ದೆ. ದಾರಿಯಲ್ಲಿ ಬರುವಾಗ ಅಳು ಬಂದದ್ದೂ ಉಂಟು.

ಮಿಸ್ ಎಲ್ಲವನ್ನೂ ಮಲಗಿದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಕಳಿಸಿದ್ದ ಅವರೆಕಾಯಿ ಕೊಡಲು ಹೋದೆ. ಮಂಚದಿಂದಲೇ ಹಳೆಯ ಕ್ಲಾಸಿನ ದನಿ ಬಂತು.

"ಕಮಲಾ, ಬಾ ಇಲ್ಲಿ, ಕೂತ್ಕೋ. ಮಂಜುಳಾ, ಒಪ್ಪಿಸು."

"ಏನನ್ನ ಮಿಸ್?"

"ನನ್ನ ಬೆನ್ನನ್ನ. ಮೊದಲಿಂದ. ಇವತ್ತು ಪ್ರಶ್ನೆ ಕೇಳೋಳು ಅವಳು."

ಕಮಲಾ ಆಂಟಿ ಅವರೆಕಾಯಿ ಮೊರ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕೂತರು, ನನ್ನ ಕಡೆ ನೋಡಲಿಲ್ಲ. ನಾನು ಶುರುಮಾಡಿದೆ. ಭಾರ ಬಿದ್ದ ಕಡೆ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವುದು, ಮೇಲೆ ಬರೀ ಕೆಂಪು ಕಂಡರೂ ಒಳಗೆ ಆಗಲೇ ಜಖಂ ಆಗಿರುವುದು, ಅದನ್ನು ಉಜ್ಜಿದರೆ ಗಾಯದ ಮೇಲೆ ಮತ್ತೆ ಪೆಟ್ಟು ಕೊಟ್ಟಂತಾಗುವುದು. ಸ್ಲೈಡಿನಲ್ಲಿ ನಾಲ್ಕು ಸಾಲಾಗಿದ್ದದ್ದು ಕನ್ನಡದಲ್ಲಿ ಹೇಳಹೊರಟರೆ ಅರ್ಧ ಗಂಟೆಯಾಯಿತು. ಎರಡು ಕಡೆ ತಡವರಿಸಿದೆ. ಅಲ್ಲಿ ನನಗೇ ಸರಿಯಾಗಿ ಗೊತ್ತಿಲ್ಲವೆಂದು ಆಗ ತಿಳಿಯಿತು. ಚಪ್ಪಾಳೆ ಗಿಟ್ಟಿಸಿದ ದಿನ ಅದು ತಿಳಿದಿರಲಿಲ್ಲ.

"ಇದನ್ನೆಲ್ಲ ಯಾರು ನೋಡಿದ್ರಂತೆ?" ಕಮಲಾ ಆಂಟಿ ಕಾಳು ಬಿಡಿಸುತ್ತಲೇ ಕೇಳಿದರು. ಪಾಠದ ಬಗ್ಗೆ ಅವರು ನನಗೆ ಹಾಕಿದ ಮೊದಲ ಪ್ರಶ್ನೆ.

"ಬೇರೆ ಬೇರೆ ಊರಲ್ಲಿ, ಮಲಗಿದಲ್ಲೇ ಇರೋ ಎಷ್ಟೋ ಜನರನ್ನ ನೋಡ್ಕೊಂಡೋರು ಆಂಟಿ. ಉಜ್ಜಿದೋರಿಗೆ ಏನಾಯ್ತು, ಉಜ್ಜದೇ ಇದ್ದೋರಿಗೆ ಏನಾಯ್ತು ಅಂತ. ಉಜ್ಜಿದ್ರಿಂದ ಉಪಯೋಗ ಆಗಿದ್ದು ಕಾಣ್ಲಿಲ್ಲ, ತೊಂದ್ರೆ ಆಗೋ ಹಾಗೆ ಕಾಣ್ತು."

"ನಮ್ಮಮ್ಮನ ಕಾಲದಲ್ಲಿ ಇದು ಗೊತ್ತಿರಲಿಲ್ವಾ?"

"ಎಲ್ಲೋ ಕೆಲವರಿಗೆ ಗೊತ್ತಿತ್ತು. ನಮ್ಮ ತನಕ ಬಂದಿರಲಿಲ್ಲ. ನಂಗೂ ಟ್ರೈನಿಂಗಲ್ಲಿ ಉಜ್ಜು ಅಂತ್ಲೇ ಹೇಳ್ಕೊಟ್ಟಿದ್ದು. ಎಷ್ಟು ಬೆನ್ನು ಉಜ್ಜಿದೀನೋ ನಾನು."

ಅವರು ಈಗ ತಲೆಯೆತ್ತಿದರು. ಮುಂದಿನ ಪ್ರಶ್ನೆ ಯಾವುದೆಂದು ಮೂವರಿಗೂ ಗೊತ್ತಿತ್ತು. ಅವರು ಕೇಳುವ ಮುಂಚೆ ನಾನೇ ಹೇಳಿದೆ.

"ಅಜ್ಜಿಗೆ ಹುಣ್ಣು ಯಾಕಾಯ್ತು ಅಂತ ಈಗ ಯಾರೂ ಹೇಳಕ್ಕಾಗಲ್ಲ ಆಂಟಿ. ವಯಸ್ಸಾಗಿತ್ತು, ಮೂರು ವರ್ಷ ಮಲಗಿದ್ರು, ಕೊನೇಲಿ ಊಟ ಸೇರ್ತಿರಲಿಲ್ಲ ಅಂತ ನೀವೇ ಹೇಳಿದೀರ. ನಿಮ್ಮ ಕೈಯಿಂದ್ಲೇ ಆಯ್ತು ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ. ಏನೂ ಸಂಬಂಧ ಇಲ್ಲ ಅಂದ್ರೂ ಸುಳ್ಳಾಗುತ್ತೆ. ನೀವು ಕೇಳಿದ್ದಕ್ಕೆ ನನ್ನ ಹತ್ರ ಇರೋದು ಇಷ್ಟೇ."

ಹೊರಗೆ ಹೂವಿನವಳು ಕೂಗುತ್ತ ಹೋದಳು. ಸಮಾಧಾನಕ್ಕೊಂದು ಸುಳ್ಳು ಹೇಳಿಬಿಡಬೇಕಿತ್ತೇ ಎಂದು ನನಗೆ ಅನ್ನಿಸುತ್ತಿತ್ತು. ಮಿಸ್ ಮಾತ್ರ ಕಣ್ಣು ಮುಚ್ಚಿಕೊಂಡೇ, "ಸರಿಯಾಗಿ ಒಪ್ಪಿಸಿದಾಳೆ ಕಮಲಾ" ಎಂದರು.

ಕಮಲಾ ಆಂಟಿ ಬಿಡಿಸಿದ ಕಾಳನ್ನು ಮೊರದ ಒಂದು ಮೂಲೆಗೆ ಸರಿಸಿದರು. "ಅದೆಲ್ಲ ಸರಿ ಕಣೇ. ಆದ್ರೆ ಅವಳು ನರಳಿದ್ರೆ ನನ್ನ ಕೈ ಸುಮ್ನೆ ಇರಲ್ಲ. ತಾನಾಗೇ ಹೋಗ್ಬಿಡುತ್ತೆ. ಅದಕ್ಕೇ ಹತ್ರಾನೇ ಬರ್ತಿಲ್ಲ ನಾನು."

"ಅಯ್ಯೋ ಆಂಟಿ, ನಂದೂ ಅದೇ ಕಥೆ!" ಎಂದುಬಿಟ್ಟೆ. ವಾರ್ಡಿನ ಆ ಬೆಳಗನ್ನು ಮತ್ತೊಮ್ಮೆ ಹೇಳಿದೆ. ಬಾಯಿ ಪಾಸು ಕೈ ಫೇಲು ಆದದ್ದನ್ನು ಕೇಳಿ ಕಮಲಾ ಆಂಟಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು. ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಆಗ ಹೊಳೆಯಿತು. ಇಬ್ಬರ ಕೈಗೂ ನಾವು "ಬೇಡ" ಎಂದು ಮಾತ್ರ ಹೇಳುತ್ತಿದ್ದೆವು. ಕೈಗೆ ಬೇಡ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಮಾಡಲು ಏನಾದರೂ ಬೇಕು.

ಅವತ್ತೇ ಕೈಗಳಿಗೆ ಬೇರೆ ಕೆಲಸ ಹಂಚಿದೆ. ಮಗ್ಗುಲು ಬದಲಿಸಿದಾಗಲೆಲ್ಲ ಮಾಡುವ ಕೆಲಸ. ಮೊದಲು ಹಿಮ್ಮಡಿಯ ಕೆಳಗೆ ಅಂಗೈ ತೂರಿಸಿ ನೋಡುವುದು, ಸಲೀಸಾಗಿ ತೂರದಿದ್ದರೆ ಕಾಲ ಕೆಳಗಿನ ದಿಂಬು ಸರಿಮಾಡುವುದು. ಆಮೇಲೆ ಹಾಸಿಗೆಯ ಸುಕ್ಕು ಸವರಿ ತೆಗೆಯುವುದು. ಆಮೇಲೆ ಕೆಂಪು ಮಚ್ಚೆಯನ್ನು ಒಂದೇ ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟು, ಬಿಳಿಚುತ್ತದೆಯೇ ನೋಡುವುದು. ಕೊನೆಗೂ ಕೈ ಉಜ್ಜಲೇಬೇಕೆಂದು ಹಠ ಮಾಡಿದರೆ ಮಚ್ಚೆಯ ಗೊಡವೆಗೆ ಹೋಗದೆ, ಒಣಗಿ ಬಿರಿಯುತ್ತಿದ್ದ ಮೊಣಕೈ, ಪಾದಗಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರುವುದು.

"ಹೀಗಾ?" ಎಂದು ಕಮಲಾ ಆಂಟಿ ಒತ್ತಿದರು. ಮಿಸ್ ಕಿರುಚಿದರು.

"ಅವರೆಕಾಳು ಹಿತಕೋ ಹಾಗಲ್ಲ ಆಂಟಿ! ಮೆಲ್ಲಗೆ."

"ಹಿತಕವರೆಗೂ ಮೆಲ್ಲಗೇ ಒತ್ತೋದು. ನಿಂಗೇನು ಗೊತ್ತು, ಬರೀ ತಿಂದು ಗೊತ್ತು" ಎಂದರು. ಅಂತೂ ಅವತ್ತು ಕಾಫಿ ಸಿಕ್ಕಿತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಮಗೆ ಕಲಿಸಿದ್ದರು, ನಾನೂ ಹಾಗೇ ಹೇಳಿದೆ. ಕಮಲಾ ಆಂಟಿ ಅದನ್ನು ವ್ರತದಂತೆ ಹಿಡಿದರು. ಅಡುಗೆಮನೆಯ ಅಲಾರಂ ಗಡಿಯಾರ ಮಂಚದ ಪಕ್ಕಕ್ಕೆ ಬಂತು. ಅದು ಕಿರುಗುಟ್ಟಿದ ಕೂಡಲೇ, ಒಲೆಯ ಮೇಲೆ ಏನೇ ಇರಲಿ, ಬಂದುಬಿಡುತ್ತಿದ್ದರು. ಮಿಸ್ ಬೈದರು, ಗೋಗರೆದರು, ನಿದ್ದೆ ಬಂದಂತೆ ನಟಿಸಿದರು. "ನಾನು ಮೇಷ್ಟ್ರಾಗಿದ್ದಾಗಲೂ ಯಾರನ್ನೂ ಹೀಗೆ ಗೋಳು ಹುಯ್ಕೊಂಡಿರಲಿಲ್ಲ" ಎಂದರು. "ನಮ್ಮ ಕ್ಲಾಸನ್ನ ಕೇಳಿ ನೋಡಿ" ಎಂದೆ. ತಂಗಿ ದಿಂಬು ಹಿಡಿದು ನಿಂತರೆ ಅಕ್ಕ ಕೊನೆಗೆ ಹಲ್ಲು ಕಚ್ಚಿ ಹೊರಳಲೇಬೇಕಿತ್ತು. ಸಂಜೆ ಒಪ್ಪಿಸುವುದು ಈಗ ಮೂವರ ಕೆಲಸವಾಯಿತು. ಹಗಲಲ್ಲಿ ಬೆನ್ನು ಹೇಗಿತ್ತು, ಹಿಮ್ಮಡಿ ಹೇಗಿತ್ತು, ಎಷ್ಟು ಊಟ ಮಾಡಿದರು ಎಂದು ಕಮಲಾ ಆಂಟಿ ನನಗೆ ಒಪ್ಪಿಸುತ್ತಿದ್ದರು. ಮಧ್ಯೆ ಮಿಸ್, "ಯಾಕೆ ಅಂತ ಹೇಳು, ಯಾಕೆ ಅಂತ" ಎಂದು ಮಲಗಿದಲ್ಲಿಂದಲೇ ಚುಚ್ಚುತ್ತಿದ್ದರು. ದಿನಾ ಅದನ್ನೇ ಹೇಳಿ, ಕೇಳಿ, ಮಾಡಿ, ನನಗೆ ಗೊತ್ತಿಲ್ಲದೆಯೇ ಅದು ನನ್ನೊಳಗೆ ಬೇರೂರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಬೀದಿಯಲ್ಲಿ ಕಬ್ಬು ಬಂದಿತ್ತು, ಮನೆಯಲ್ಲಿ ಎಳ್ಳು ಬೀರಲು ಕೊಬ್ಬರಿ ಹೆಚ್ಚುವ ಕೆಲಸ ಶುರುವಾಗಿತ್ತು. ಒಂದು ಸಂಜೆ ನಾನು ಗೇಟು ತೆಗೆಯುವುದಕ್ಕೂ ಮುಂಚೆಯೇ ಕಮಲಾ ಆಂಟಿ ಕೊಬ್ಬರಿ ಹೆಚ್ಚುತ್ತಿದ್ದ ಕೈಯಲ್ಲೇ ಹೊರಗೆ ಓಡಿ ಬಂದರು.

"ಬಿಳಿಚಿಕೊಳ್ತು ಕಣೇ! ಬೆಳಗ್ಗೆಯಿಂದ ಮೂರು ಸಲ ನೋಡ್ದೆ, ಒತ್ತಿದ್ರೆ ಬೆಳ್ಳಗಾಗ್ತಿದೆ!"

ಪಕ್ಕದ ಮನೆಯವರು ಏನೆಂದು ತಿಳಿದರೋ, ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. ನಾನು ಒಳಗೆ ಹೋಗಿ ಒತ್ತಿ ಬಿಟ್ಟೆ. ಹೌದು, ಬಿಳಿಚಿತು, ಮತ್ತೆ ಬಣ್ಣ ಬಂತು. ಎಷ್ಟೋ ದೊಡ್ಡ ದೊಡ್ಡ ಕಾಯಿಲೆಯವರು ಗುಣವಾಗಿ ಹೋದದ್ದನ್ನು ನೋಡಿದ್ದೇನೆ, ಆ ಒಂದು ಬಿಳಿ ಚುಕ್ಕೆ ಕೊಟ್ಟಷ್ಟು ಸಂತೋಷವನ್ನು ಅವು ಯಾವುವೂ ಕೊಟ್ಟಿರಲಿಲ್ಲ. ಹಬ್ಬ ಕಳೆದ ಮೇಲೆ ಮಚ್ಚೆ ಮಾಸಿತು. ಮಿಸ್ ವಾಕರ್ ಹಿಡಿದು ನಿಂತರು, ನಿಂತ ಕೂಡಲೇ ಹಬ್ಬಕ್ಕೆ ತಂಗಿ ಹೆಚ್ಚಿದ್ದ ಕೊಬ್ಬರಿ ಹೋಳು ದಪ್ಪವಾಗಿತ್ತೆಂದು ತಪ್ಪು ಹುಡುಕಿದರು.

ನನ್ನ ಪ್ರಾಕ್ಟಿಕಲ್ ದಿನ ಮೇಡಂ ಹೇಳಿದ ಹಾಗೆಯೇ ಏನೂ ಕೇಳದೆ ಪಕ್ಕದಲ್ಲಿ ನಿಂತರು. ಟ್ರಾಲಿಯ ಮೇಲೆ ಸ್ಪಿರಿಟ್ಟು, ಪೌಡರ್ ಎರಡೂ ಇದ್ದವು. ಅವರೇ ಬೇಕೆಂದು ಇಡಿಸಿದ್ದರೋ ಏನೋ. ರೋಗಿಯನ್ನು ಮಗ್ಗುಲಾಗಿಸಿದೆ. ನನ್ನ ಕೈ ಮೊದಲು ಹಿಮ್ಮಡಿಯ ಕೆಳಗೆ ತೂರಿತು. ಆಮೇಲೆ ಹಾಸಿಗೆಯ ಸುಕ್ಕು ಸವರಿತು. ಆಮೇಲೆ ಒಂದು ಬೆರಳು ಬೆನ್ನ ಬುಡವನ್ನು ಒತ್ತಿ ಬಿಟ್ಟು ಕಾಯಿತು. ಆ ಹೊತ್ತಿಗೆ ನನಗೆ ಯಾವ ಸ್ಲೈಡೂ ನೆನಪಿಗೆ ಬರಲಿಲ್ಲ, ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಕೂತ ಕಮಲಾ ಆಂಟಿ ಕಂಡರು. ಮೇಡಂ, "ಎಲ್ಲಿ ಕಲಿತೆ ಇದನ್ನ?" ಎಂದರು. "ಎನ್.ಆರ್. ಕಾಲೋನಿಯಲ್ಲಿ" ಎಂದೆ. ಅಲ್ಲಿ ಯಾವ ಕಾಲೇಜಿದೆ ಎಂದು ಅವರು ಯೋಚಿಸುತ್ತ ನಿಂತರು.

ಕೋರ್ಸು ಮುಗಿದು ಆ ಮೇಜು ಬಿಟ್ಟು ಹೊರಟ ದಿನ ಮಿಸ್ ಇನ್ನೊಂದು ಷರತ್ತು ಹಾಕಿದರು. "ನಮ್ಮ ಕಾಲದ ಪಾಠದಲ್ಲಿ ಎಷ್ಟೋ ಈಗ ತಪ್ಪಂತೆ. ನೀನು ನಮಗೆ ಹೇಳ್ಕೊಟ್ಟಿದ್ದೂ ನಾಳೆ ಬದಲಾಗ್ಬಹುದು. ಬದಲಾದ್ರೆ ಮುಚ್ಚಿಟ್ಕೋಬೇಡ. ಇಲ್ಲಿಗೆ ಬಂದು ಒಪ್ಪಿಸ್ಬೇಕು."

ಮೊನ್ನೆ ನಾನು ಹೊರಟಿದ್ದು ಅದಕ್ಕೇ. ಎರಡು ಗಂಟೆ ಎಂಬುದು ಎಲ್ಲರಿಗೂ ಒಂದೇ ಅಲ್ಲ, ಮಲಗಿದವರ ಮೈ, ಹಾಸಿಗೆ, ನೋವು, ನಿದ್ದೆ ಎಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ಥರ ನಿರ್ಧರಿಸಬೇಕು ಎಂದು ಈಗ ನಾವು ಕಲಿಸುತ್ತೇವೆ. ನಾನೇ ಪಾಠ ಮಾಡುತ್ತೇನೆ. ಎಷ್ಟೋ ದಿನದಿಂದ ಗೊತ್ತಿದ್ದರೂ ಹೋಗಿ ಹೇಳಿರಲಿಲ್ಲ. ಕಮಲಾ ಆಂಟಿಯ ಹಳೆಯ ಪ್ರಶ್ನೆ ಮತ್ತೆ ಏಳುತ್ತದೇನೋ ಎಂದು ಒಳಗೊಳಗೇ ಅಳುಕಿತ್ತು. ಮೆಡಿಕಲ್ ಶಾಪಿನ ಆ ಮನುಷ್ಯ ಸಿಗದಿದ್ದರೆ ಅವತ್ತೂ ಅರ್ಧ ದಾರಿಯಿಂದ ವಾಪಸು ಬರುತ್ತಿದ್ದೆನೋ ಏನೋ.

ಇಬ್ಬರೂ ಮುಂದಿನ ಕೋಣೆಯಲ್ಲೇ ಇದ್ದರು. ಮಿಸ್ ಬೆತ್ತದ ಕುರ್ಚಿಯಲ್ಲಿ, ಇನ್ನಷ್ಟು ಸಣ್ಣಗಾಗಿ, ಅಷ್ಟೇ ನೆಟ್ಟಗೆ. ಕಮಲಾ ಆಂಟಿ ನೆಲದ ಮೇಲೆ ಅವರೆಕಾಳು ಹಿತಕುತ್ತಿದ್ದರು. ಕುಶಲ ಸಮಾಚಾರವೆಲ್ಲ ಆದ ಮೇಲೆ ನಾನು ಎದುರಿಗೆ ಕೂತು ಪಾಠ ಒಪ್ಪಿಸಿದೆ. ಮಿಸ್ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಆ ದರಿದ್ರ ಅಲಾರಂಗೆ ನಾನು ಅಷ್ಟು ದಿನ ನಿದ್ದೆ ಕೆಟ್ಟಿದ್ದು ಸುಮ್ನೆನಾ? ಕೇಳಿದ್ಯಾ ಕಮಲಾ? ಅದೂ ತಪ್ಪಂತೆ!"

ಕಮಲಾ ಆಂಟಿಯ ಬೆರಳು ನಿಂತಿತು. ನಾನು ಅವರ ಮುಖ ನೋಡಿದೆ. ಅವರು ಕೈಯಲ್ಲಿದ್ದ ಕಾಳನ್ನು ಒತ್ತಿ, ಬೇಳೆಯನ್ನು ಬಟ್ಟಲಿಗೆ ಹಾಕಿದರು.

"ಸುಮ್ನೆ ಯಾಕಾಗುತ್ತೆ ಅಕ್ಕ. ಆಗ ಅಷ್ಟು ಗೊತ್ತಿತ್ತು, ಅಷ್ಟು ಮಾಡಿದ್ವಿ" ಎಂದರು. ಇನ್ನೊಂದು ಕಾಳು ತೆಗೆದುಕೊಂಡು ಮೆಲ್ಲಗೆ ಸೇರಿಸಿದರು, "ಅಮ್ಮಂಗೂ ಅಷ್ಟೇ."

ಆಮೇಲೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ಹಿತಕು ಎಂದು ಹೇಳಿ, ಕಾಫಿ ಮಾಡಲು ಒಳಗೆ ಹೋದರು.